ಮಡಚುವ ಸೈಕಲ್ಲಿಗೆ ಹೊಸ ಗೇರು, ಇಳಿಸಿದ ತೂಕ: ಕೆಲಸದ ದಾಖಲೆ

ಮಡಚುವ ಸೈಕಲ್ಲಿನ ತೂಕ ಇಳಿಸಲು ಹೊರಡುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಏರು ರಸ್ತೆ. ಸೈಕಲ್ ಹಗುರವಾದರೆ ಏರು ಸಲೀಸಾಗುತ್ತದೆ ಎಂಬುದು ಅವರ ಎಣಿಕೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ, ಏರಿನಲ್ಲಿ ಕಾಲಿನ ಮೇಲೆ ಬೀಳುವ ಹೊರೆಯನ್ನು ತಗ್ಗಿಸುವುದು ಮುಖ್ಯವಾಗಿ ಗೇರು. ತೂಕ ಇಳಿಸಿದ್ದರ ಫಲ ಗೊತ್ತಾಗುವುದು ಸೈಕಲ್ಲನ್ನು ಮಡಚಿ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ. ಹಾಗಾಗಿ ನನ್ನ ಸೈಕಲ್ಲಿನ ಮಟ್ಟಿಗೆ ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದೇ ಭಾವಿಸಿ, ಮೊದಲು ಗೇರನ್ನು ತೀರ್ಮಾನಿಸಿಕೊಂಡು, ಅದು ಮುಗಿದ ಮೇಲಷ್ಟೇ ತಕ್ಕಡಿಯನ್ನು ಹೊರತೆಗೆದೆ.

ಸೈಕಲ್ಲು ಸಾಮಾನ್ಯ ಬಗೆಯದು. ಅಲ್ಯೂಮಿನಿಯಂ ಫ್ರೇಮಿನ ನಡುವೆ ಒಂದು ಕೀಲು, ಹ್ಯಾಂಡಲ್ ಕಂಬದ ಬುಡದಲ್ಲಿ ಇನ್ನೊಂದು ಕೀಲು, 20 ಇಂಚಿನ ಚಕ್ರಗಳು, ರಿಮ್ಮನ್ನು ಎರಡೂ ಬದಿಯಿಂದ ಹಿಡಿಯುವ ವಿ-ಬ್ರೇಕು, ಮುಂದೆ ಪೆಡಲ್ಲಿನ ಬಳಿ 52 ಹಲ್ಲಿನ ಒಂದೇ ಚೈನ್‌ರಿಂಗ್ (ಚೈನನ್ನು ಎಳೆಯುವ ಹಲ್ಲುಚಕ್ರ), ಹಿಂದೆ 14ರಿಂದ 28 ಹಲ್ಲಿನವರೆಗಿನ ಏಳು ಗೇರಿನ ಫ್ರೀವೀಲ್ (ಹಿಂಚಕ್ರಕ್ಕೆ ತಿರುಗಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು). ಎಲ್ಲ ಸೇರಿ ತೂಕ 12.9 ಕಿಲೊ. ಬಿಡಿಭಾಗ ಕೊಳ್ಳುವ ಮೊದಲು ಖಚಿತಪಡಿಸಿಕೊಳ್ಳಬೇಕಾದ ಅಳತೆಗಳು ಎರಡು. ಮೊದಲನೆಯದು ರಿಮ್ಮಿನದು: 20 ಇಂಚು ಎಂಬ ಒಂದೇ ಹೆಸರಿನಲ್ಲಿ 406 ಮಿಲಿಮೀಟರಿನ ರಿಮ್ಮೂ ಇದೆ, 451 ಮಿಲಿಮೀಟರಿನ ರಿಮ್ಮೂ ಇದೆ, ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ನನ್ನ ಟೈರಿನ ಪಕ್ಕದಲ್ಲಿ 47-406 ಎಂದು ಅಚ್ಚಾಗಿತ್ತು. ಎರಡನೆಯದು ಹಿಂಬದಿ ಫ್ರೇಮಿನ ಎರಡು ಕವಲುಗಳ ನಡುವೆ ಹಬ್ (ಚಕ್ರದ ನಡುಗುಂಬ) ಕೂರುವ ಜಾಗದ ಅಗಲ: ಅದು 130 ಮಿಲಿಮೀಟರ್ ಇತ್ತು. ಇದು ರಿಮ್ಮು ಹಿಡಿಯುವ ಬ್ರೇಕಿನ ರಸ್ತೆ ಸೈಕಲ್ಲುಗಳ ಹಬ್ಬಿನ ಅಳತೆಯೇ ಆದುದರಿಂದ ಮುಂದಿನ ದಾರಿ ಸುಗಮವಾಯಿತು.

ಗೇರನ್ನು ಹಲ್ಲಿನ ಲೆಕ್ಕದಲ್ಲಿ ಮಾತ್ರ ನೋಡಿದರೆ ಚಿಕ್ಕ ಚಕ್ರದ ಸೈಕಲ್ಲು ಮೋಸ ಮಾಡುತ್ತದೆ. ದೊಡ್ಡ ಚಕ್ರದ ಸೈಕಲ್ಲಿನಲ್ಲಿ 52 ಹಲ್ಲು ಎಂದರೆ ಭಾರೀ ಗೇರು. 20 ಇಂಚಿನಲ್ಲಿ ಅದು ಸಾಧಾರಣ. ಆದ್ದರಿಂದ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ಲು ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎಂಬ ಅಳತೆಯನ್ನೇ ಹಿಡಿದುಕೊಂಡೆ. ಅದಕ್ಕೆ ಚಕ್ರದ ನಿಜವಾದ ಸುತ್ತಳತೆ ಬೇಕು. ಟ್ಯೂಬಿನ ವಾಲ್ವ್ ನೆಲದ ಕಡೆಗಿರುವಾಗ ನೆಲದ ಮೇಲೊಂದು ಗೆರೆ ಎಳೆದು, ಸೀಟಿನ ಮೇಲೆ ಕುಳಿತು, ವಾಲ್ವ್ ಮತ್ತೆ ಕೆಳಗೆ ಬರುವವರೆಗೆ ನೇರವಾಗಿ ಮುಂದೆ ಸಾಗಿ ಇನ್ನೊಂದು ಗೆರೆ ಎಳೆದರೆ ನಡುವಿನ ದೂರವೇ ಸುತ್ತಳತೆ. ಕುಳಿತೇ ಅಳೆಯಬೇಕು, ಏಕೆಂದರೆ ಭಾರ ಬಿದ್ದಾಗ ಟೈರು ಕುಗ್ಗುತ್ತದೆ. 47 ಮಿಲಿಮೀಟರ್ ಟೈರಿನಲ್ಲಿ 1.55 ಮೀಟರ್ ಬಂತು. ಅಂದರೆ 52ಕ್ಕೆ 28ರ ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ 2.88 ಮೀಟರ್, 52ಕ್ಕೆ 14ರ ಅತಿ ಭಾರದ ಗೇರಿನಲ್ಲಿ 5.76 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಭಾರದ ಗೇರಿನಲ್ಲಿ ಗಂಟೆಗೆ 27.6 ಕಿಲೊಮೀಟರ್ ವೇಗ. ಮಡಚುವ ಸೈಕಲ್ಲಿಗೆ ಅದಕ್ಕಿಂತ ಹೆಚ್ಚಿನ ವೇಗ ಬೇಕಾಗುವುದು ಇಳಿಜಾರಿನಲ್ಲಿ ಮಾತ್ರ. ಅಲ್ಲಿ ತುಳಿಯುವ ಅಗತ್ಯವೂ ಇರುವುದಿಲ್ಲ. ಕೊರತೆ ಇದ್ದದ್ದು ಕೆಳಗಿನ ತುದಿಯಲ್ಲಿ, ಅಂದರೆ ಏರಿಗೆ ಬೇಕಾದ ಹಗುರ ಗೇರಿನಲ್ಲಿ.

ಆ ಕೊರತೆ ಎಷ್ಟೆಂಬುದನ್ನೂ ಲೆಕ್ಕ ಹಾಕಿದೆ. ಸವಾರ, ಸೈಕಲ್ಲು, ಚೀಲ ಎಲ್ಲ ಸೇರಿ 90 ಕಿಲೊ ಎಂದುಕೊಳ್ಳೋಣ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ, ಟೈರಿನ ಉರುಳು ತಡೆಯನ್ನೂ ಸೇರಿಸಿದರೆ, ಸೈಕಲ್ಲನ್ನು ಮುಂದೆ ತಳ್ಳಲು ಸುಮಾರು 78 ನ್ಯೂಟನ್ ಬಲ ಬೇಕು. 2.88 ಮೀಟರಿನ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 10.4 ಕಿಲೊಮೀಟರ್, ಅದಕ್ಕೆ ಬೇಕಾದ ಶಕ್ತಿ ಹತ್ತಿರ ಹತ್ತಿರ 225 ವ್ಯಾಟ್. ಪಳಗಿದ ಸವಾರನಲ್ಲದವನಿಗೆ ಇದು ಹೆಚ್ಚು ಹೊತ್ತು ನಿಭಾಯಿಸುವ ಶಕ್ತಿಯಲ್ಲ. ಹಾಗಾಗಿ ಸುತ್ತು 40ಕ್ಕೆ, 35ಕ್ಕೆ ಇಳಿಯುತ್ತದೆ, ಪ್ರತಿ ತುಳಿತದಲ್ಲೂ ಮೊಣಕಾಲು ನೋಯುತ್ತದೆ, ಕೊನೆಗೆ ಸವಾರ ಇಳಿದು ತಳ್ಳುತ್ತಾನೆ. 170 ಮಿಲಿಮೀಟರ್ ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳಿನಲ್ಲಿ) ಇದೇ ಗೇರಿಗೆ ಪೆಡಲ್ಲಿನ ಮೇಲೆ ಬೀಳಬೇಕಾದ ಸರಾಸರಿ ಬಲ 210 ನ್ಯೂಟನ್. ಈಗ ಸೈಕಲ್ಲಿನಿಂದ ಒಂದೂವರೆ ಕಿಲೊ ತೆಗೆದರೆ ಒಟ್ಟು ಭಾರದಲ್ಲಿ ಕಡಿಮೆಯಾಗುವುದು ನೂರಕ್ಕೆ ಎರಡಕ್ಕಿಂತ ಕಡಿಮೆ, ಬಲವೂ ಅಷ್ಟೇ ಇಳಿಯುತ್ತದೆ. ಗೇರನ್ನು ಬದಲಿಸಿದರೆ ನೂರಕ್ಕೆ ಇಪ್ಪತ್ತರಷ್ಟನ್ನು ಸುಲಭವಾಗಿ ಇಳಿಸಬಹುದು. ಇದಾದ ಮೇಲೆ ಯಾವುದಕ್ಕೆ ಮೊದಲು ಕೈಹಾಕಬೇಕೆಂಬ ಚರ್ಚೆಯೇ ಉಳಿಯಲಿಲ್ಲ.

ಗೇರು ಹಗುರ ಮಾಡುವ ದಾರಿಗಳು ಹಲವು. ಹಬ್ಬಿನ ಒಳಗೇ ಗೇರು ಇರುವ ವ್ಯವಸ್ಥೆ ಮಡಚುವ ಸೈಕಲ್ಲಿಗೆ ನೋಡಲು ಅಚ್ಚುಕಟ್ಟು; ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುತ್ತ ಹೊರಗೆ ಜೋತಾಡುವ ಡಿರೇಲರ್ ಇಲ್ಲ, ಮಡಚಿದಾಗ ತಾಗುವುದೇನೂ ಇಲ್ಲ. ಆದರೆ ಸ್ಟರ್ಮಿ-ಆರ್ಚರ್ ಕಂಪನಿಯ ಹೆಸರಾಂತ ಮೂರು ಗೇರಿನ ಎಡಬ್ಲ್ಯೂ ಹಬ್ಬಿನಲ್ಲಿ ಕೆಳಗಿನ ಗೇರಿಗೂ ಮೇಲಿನ ಗೇರಿಗೂ ಇರುವ ವ್ಯಾಪ್ತಿ (ಕೆಳಗಿನದನ್ನು 100 ಎಂದುಕೊಂಡರೆ ಮೇಲಿನದು) 177 ಪ್ರತಿಶತ ಮಾತ್ರ, ನನ್ನ ಹಳೆಯ ಫ್ರೀವೀಲಿನ 200 ಪ್ರತಿಶತಕ್ಕಿಂತಲೂ ಕಡಿಮೆ. ಶಿಮಾನೊ ನೆಕ್ಸಸ್ ಎಂಟು ಗೇರಿನ ಹಬ್ಬಿನ ವ್ಯಾಪ್ತಿ 307 ಪ್ರತಿಶತವಿದ್ದರೂ ಹಬ್ ಒಂದೇ ಸುಮಾರು ಎರಡು ಕಿಲೊ ತೂಗುತ್ತದೆ. ಕೈಯಲ್ಲಿ ಎತ್ತುವ ಸೈಕಲ್ಲಿನ ಹಿಂಬದಿಗೆ ಆ ಭಾರ ಬೇಡವೆನಿಸಿತು. ಮುಂದೆ ಎರಡು ಚೈನ್‌ರಿಂಗ್ ಹಾಕುವ ಆಲೋಚನೆಯನ್ನು ಬೇಗ ಕೈಬಿಟ್ಟೆ, ಏಕೆಂದರೆ ಮಡಚುವ ಸೈಕಲ್ಲನ್ನು ಪ್ರತಿ ಸಲ ಎತ್ತಿ ಇಳಿಸುವಾಗ ಚೈನು ಜಾರುವ ಸಾಧ್ಯತೆ ಅದರಲ್ಲಿ ಹೆಚ್ಚಾಗುತ್ತದೆ. ಚಿಕ್ಕ ಚಕ್ರಗಳಿಗೆಂದೇ ಶಿಮಾನೊ ಕಂಪನಿ ತಂದಿದ್ದ ಕ್ಯಾಪ್ರಿಯೊ ಎಂಬ 9ರಿಂದ 26 ಹಲ್ಲಿನ ಕ್ಯಾಸೆಟ್ಟೂ (ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು) ಇತ್ತು. ಅದಕ್ಕೆ ಅದರದೇ ಬೇರೆ ಹಬ್ ಬೇಕು. ಜೊತೆಗೆ ಒಂಬತ್ತು ಹಲ್ಲಿನ ಚಕ್ರದ ಮೇಲೆ ಚೈನು ನುಣುಪಾಗಿ ಓಡುವುದೂ ಇಲ್ಲ. ಚೈನಿನ ಕೊಂಡಿಗಳು ನೇರವಾದುವು, ಹಲ್ಲಿನ ಚಕ್ರ ದುಂಡಗಿನದು. ಹಲ್ಲು ಕಡಿಮೆಯಾದಷ್ಟೂ ಅದು ವೃತ್ತವಾಗಿರದೆ ಬಹುಭುಜವಾಗುತ್ತದೆ. ಈ ಕಾರಣದಿಂದ ಚೈನಿನ ವೇಗದಲ್ಲಿ ಆಗುವ ಏರಿಳಿತ 14 ಹಲ್ಲಿನಲ್ಲಿ ನೂರಕ್ಕೆ 2.5, 11 ಹಲ್ಲಿನಲ್ಲಿ 4, ಒಂಬತ್ತು ಹಲ್ಲಿನಲ್ಲಿ 6.

ಉಳಿದದ್ದು ಎಂಟು ಗೇರಿನ ಸಾಧಾರಣ ಕ್ಯಾಸೆಟ್. ಇಲ್ಲಿ ಎಲ್ಲರೂ ಕೊಡುವ ಸಲಹೆ ಹಿಂದೆ 11ರಿಂದ 32 ಹಲ್ಲಿನ ದೊಡ್ಡ ಕ್ಯಾಸೆಟ್ ಹಾಕಿ, ಮುಂದಿನ ಚೈನ್‌ರಿಂಗನ್ನು ಸ್ವಲ್ಪ ಮಾತ್ರ ಇಳಿಸಿ ಎಂಬುದು. ನಾನು ಅದಕ್ಕೆ ಒಪ್ಪಲಿಲ್ಲ. 46ರ ಚೈನ್‌ರಿಂಗಿನೊಂದಿಗೆ ಆ ಕ್ಯಾಸೆಟ್ ಹಾಕಿದರೆ, ಆಮೇಲೆ ಹಾಕಲಿರುವ 40 ಮಿಲಿಮೀಟರ್ ಟೈರಿನ 1.51 ಮೀಟರ್ ಸುತ್ತಳತೆಯಲ್ಲಿ, ಕೆಳಗಿನ ಗೇರು 2.17 ಮೀಟರ್, ಮೇಲಿನದು 6.31 ಮೀಟರ್. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಆ ಕ್ಯಾಸೆಟ್ಟಿನಲ್ಲಿ 15 ಹಲ್ಲಾದ ಮೇಲೆ ಬರುವುದು 18. ನಿಮಿಷಕ್ಕೆ 80 ಸುತ್ತಿನಲ್ಲಿ 15ರ ಮೇಲೆ ವೇಗ 22.2 ಕಿಲೊಮೀಟರ್, 18ರ ಮೇಲೆ 18.5 ಕಿಲೊಮೀಟರ್. ಸಮತಟ್ಟಾದ ರಸ್ತೆಯಲ್ಲಿ ಈ ಸೈಕಲ್ಲು ಅರ್ಧಕ್ಕರ್ಧ ಸಮಯ ಓಡುವುದು ಇವೆರಡರ ನಡುವಿನ ವೇಗದಲ್ಲೇ. ಎದುರುಗಾಳಿ ಬಂದಾಗ ಒಂದು ಗೇರು ಅತಿ ಭಾರ, ಇನ್ನೊಂದು ಅತಿ ಹಗುರ. ಇನ್ನು 6.31 ಮೀಟರಿನ ಮೇಲಿನ ಗೇರು ನನಗೆ ಬೇಕಾಗಿಯೇ ಇರಲಿಲ್ಲ.

ಅದರ ಬದಲು 11ರಿಂದ 28ರ ಕ್ಯಾಸೆಟ್ಟನ್ನೇ ಇಟ್ಟುಕೊಂಡು ಚೈನ್‌ರಿಂಗನ್ನು 42ಕ್ಕೆ ಇಳಿಸಿದರೆ ಮೇಲಿನ ಗೇರು 5.77 ಮೀಟರ್, ಅಂದರೆ ಹಳೆಯದರಷ್ಟೇ. ಕೆಳಗಿನ ಗೇರು 2.27 ಮೀಟರ್, ಅಂದರೆ ಹಳೆಯದಕ್ಕಿಂತ ನೂರಕ್ಕೆ 21ರಷ್ಟು ಹಗುರ. ಪೆಡಲ್ಲಿನ ಮೇಲಿನ ಬಲ ಅದೇ ಏರಿನಲ್ಲಿ 210ರಿಂದ ಸುಮಾರು 165 ನ್ಯೂಟನ್ನಿಗೆ ಇಳಿಯುತ್ತದೆ, 60 ಸುತ್ತಿಗೆ ಬೇಕಾದ ಶಕ್ತಿ 225 ವ್ಯಾಟಿನಿಂದ 177 ವ್ಯಾಟಿಗೆ. ಹಲ್ಲುಗಳ ಸಾಲು 11, 13, 15, 17, 19, 21, 24, 28. ಓಡಾಟದ ವೇಗದಲ್ಲಿ 15ಕ್ಕೂ 17ಕ್ಕೂ ಇರುವ ಅಂತರ ಗಂಟೆಗೆ 2.4 ಕಿಲೊಮೀಟರ್ ಮಾತ್ರ. ಚಿಕ್ಕ ಕ್ಯಾಸೆಟ್ಟಾದ್ದರಿಂದ ಚೈನನ್ನು ಬಿಗಿದಿಡುವ ತೋಳು, ಅಂದರೆ ಪಂಜರ, ಗಿಡ್ಡವಾಗಿರುವ ಡಿರೇಲರ್ ಸಾಕು, ಅದು ನೆಲದಿಂದ ಸಾಕಷ್ಟು ಎತ್ತರದಲ್ಲಿರುತ್ತದೆ. ಹಿಂಬದಿ ಆಕ್ಸಲ್ಲೇ ನೆಲದಿಂದ 24 ಸೆಂಟಿಮೀಟರಿನಷ್ಟು ಎತ್ತರದಲ್ಲಿರುವ ಸೈಕಲ್ಲಿನಲ್ಲಿ ಉದ್ದ ಪಂಜರದ ಡಿರೇಲರ್ ಕಲ್ಲಿಗೂ ಕಾಲುದಾರಿಯ ಅಂಚಿಗೂ ತಾಗುತ್ತಲೇ ಇರುತ್ತದೆ.

ಕೆಲಸ ಶುರುವಾದದ್ದು ಹಳೆಯ ಫ್ರೀವೀಲನ್ನು ಬಿಚ್ಚುವುದರಿಂದ. ಫ್ರೀವೀಲು ಹಬ್ಬಿನ ಮೇಲೆ ಥ್ರೆಡ್ಡಿನಲ್ಲಿ ಕೂತಿರುತ್ತದೆ, ಪ್ರತಿ ತುಳಿತವೂ ಅದನ್ನು ಇನ್ನಷ್ಟು ಬಿಗಿಗೊಳಿಸಿರುತ್ತದೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಎಳೆದರೆ ಅಲುಗುವ ಮಾತೇ ಇಲ್ಲ. ಶಿಮಾನೊ ಫ್ರೀವೀಲಿಗೆ ಹನ್ನೆರಡು ಗೀರುಗಳ ಕಳಚುವ ಸಾಧನವಿದೆ. ಅದನ್ನು ವೈಸಿನಲ್ಲಿ ನೆಟ್ಟಗೆ ಕಚ್ಚಿಸಿ, ಚಕ್ರವನ್ನು ಅಡ್ಡಲಾಗಿ ಅದರ ಮೇಲೆ ಕೂರಿಸಿ, ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಬೇಕು. ಚಿಕ್ಕ ರಿಮ್ಮಿನಿಂದ ಸಿಗುವ ಸನ್ನೆಬಲ ಕಡಿಮೆಯಾದ್ದರಿಂದ ಥ್ರೆಡ್ಡಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಇಟ್ಟಿದ್ದೆ. ಬೆಳಿಗ್ಗೆ ಟಕ್ ಎಂದು ಸದ್ದಾಗಿ ಸಡಿಲವಾಯಿತು. ಫ್ರೀವೀಲು ತೆಗೆದ ಮೇಲೆ ನೋಡಿದರೆ ಆಕ್ಸಲ್ಲು ತುಸು ಬಾಗಿತ್ತು. ಇದು ಈ ಬಗೆಯ ಹಬ್ಬಿನ ಹುಟ್ಟುಗುಣ: ಬಲಬದಿಯ ಬೇರಿಂಗು ಫ್ರೀವೀಲಿನ ಒಳಬದಿಗೆ ಇರುವುದರಿಂದ ಅದರ ಆಚೆಗೆ ಉಳಿಯುವ ಆಕ್ಸಲ್ಲಿನ ಉದ್ದಕ್ಕೆ ಆಧಾರವಿರುವುದಿಲ್ಲ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗು ಹೊರತುದಿಗೆ ಸರಿದಿರುತ್ತದೆ.

ರಿಮ್ಮು ಚೆನ್ನಾಗಿತ್ತು, ಬ್ರೇಕು ಉಜ್ಜುವ ಬದಿಯಲ್ಲಿ ಸವೆತ ಸೂಚಿಸುವ ಗೀರು ಇನ್ನೂ ಆಳವಾಗಿಯೇ ಕಾಣುತ್ತಿತ್ತು. ಚಿಕ್ಕ ರಿಮ್ಮಿನಲ್ಲಿ ಈ ಪರೀಕ್ಷೆಯನ್ನು ಬಿಡಬಾರದು, ಬ್ರೇಕಿನ ಅಷ್ಟೂ ಉಜ್ಜಾಟ ಕಡಿಮೆ ಸುತ್ತಳತೆಯ ಮೇಲೆ ಬೀಳುವುದರಿಂದ ಅದು ಬೇಗ ಸವೆಯುತ್ತದೆ. ಅದೇ ರಿಮ್ಮಿಗೆ 28 ತೂತಿನ, 130 ಮಿಲಿಮೀಟರಿನ ಕ್ಯಾಸೆಟ್ ಹಬ್ಬನ್ನು ಹೊಸ ಕಡ್ಡಿಗಳಿಂದ ಹೆಣೆಯಲು ನಿರ್ಧರಿಸಿದೆ. ಕಡ್ಡಿಯ ಉದ್ದದ ಲೆಕ್ಕಕ್ಕೆ ರಿಮ್ಮಿನ ಒಳವ್ಯಾಸ ಬೇಕು. ಎರಡು ಹಳೆಯ ಕಡ್ಡಿಗಳಿಗೆ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಹಾಕಿ ಎದುರುಬದುರು ತೂತುಗಳಲ್ಲಿ ತೂರಿಸಿ ಅಳೆದಾಗ ನಿಪ್ಪಲ್ ತಲೆಯಿಂದ ತಲೆಗೆ 390 ಮಿಲಿಮೀಟರ್ ಬಂತು. ಹಬ್ಬಿನ ಅಂಚಿನಲ್ಲಿ ತೂತುಗಳ ವೃತ್ತದ ವ್ಯಾಸ 44 ಮಿಲಿಮೀಟರ್, ಹಬ್ಬಿನ ಮಧ್ಯದಿಂದ ಎಡ ಅಂಚಿಗೆ 37, ಬಲ ಅಂಚಿಗೆ 20. ಪ್ರತಿ ಕಡ್ಡಿಯೂ ಇನ್ನೆರಡು ಕಡ್ಡಿಗಳನ್ನು ದಾಟುವ ಹೆಣಿಗೆಗೆ ಲೆಕ್ಕ ಹಾಕಿದರೆ ಬಲಕ್ಕೆ 182, ಎಡಕ್ಕೆ 185 ಮಿಲಿಮೀಟರ್. ದೊಡ್ಡ ಚಕ್ರದಲ್ಲಿ ಮೂರು ದಾಟುಗಳ ಹೆಣಿಗೆ ರೂಢಿಯಲ್ಲಿದೆ. ಇಲ್ಲಿ ಹಾಗೆ ಹೆಣೆದರೆ ಕಡ್ಡಿ ನಿಪ್ಪಲಿನೊಳಗೆ ತೀರ ಓರೆಯಾಗಿ ಹೋಗಿ ಬಾಯಲ್ಲೇ ಬಾಗುತ್ತದೆ, ಮುಂದೊಂದು ದಿನ ಅಲ್ಲೇ ಮುರಿಯುತ್ತದೆ.

ಹೆಣೆದ ಮೇಲೆ ಚಕ್ರದ ಬೆಂಡು ತೆಗೆಯುವುದು ಚಿಕ್ಕ ಚಕ್ರದಲ್ಲಿ ಸ್ವಲ್ಪ ಬೇರೆ ಬಗೆಯ ಕೆಲಸ. ನಿಪ್ಪಲ್ ಒಂದು ಸುತ್ತು ತಿರುಗಿದರೆ ಕಡ್ಡಿಯ ಮೇಲೆ 0.45 ಮಿಲಿಮೀಟರ್ ಸಾಗುತ್ತದೆ. 290 ಮಿಲಿಮೀಟರಿನ ಕಡ್ಡಿಗಿಂತ 183 ಮಿಲಿಮೀಟರಿನ ಕಡ್ಡಿಯಲ್ಲಿ ಅಷ್ಟೇ ತಿರುವು ಒಂದೂವರೆ ಪಟ್ಟಿಗಿಂತ ಹೆಚ್ಚು ಬಿಗಿ ತರುತ್ತದೆ. ದೊಡ್ಡ ಚಕ್ರಕ್ಕೆ ಒಗ್ಗಿದ ಕೈ ಕಾಲು ಸುತ್ತು ತಿರುಗಿಸುವಲ್ಲಿ ಇಲ್ಲಿ ಅರೆಕಾಲು ಸುತ್ತು ತಿರುಗಿಸಬೇಕು, ಅದೂ ಕಡ್ಡಿ ತಾನೇ ಮುರುಚಿಕೊಳ್ಳದಂತೆ ಬೆರಳಲ್ಲಿ ಹಿಡಿದುಕೊಂಡು. ಕ್ಯಾಸೆಟ್ಟಿಗೆ ಜಾಗ ಬಿಡಲು ಬಲ ಅಂಚು ಒಳಗೆ ಸರಿದಿರುವುದರಿಂದ ಎಡಬದಿಯ ಕಡ್ಡಿಗಳ ಬಿಗಿ ಬಲಬದಿಯದರ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಇರುತ್ತದೆ. ಅದನ್ನು ಸಮ ಮಾಡಲು ಹೋದರೆ ರಿಮ್ಮು ನಡುಗೆರೆ ಬಿಟ್ಟು ಸರಿಯುತ್ತದೆ, ವಿ-ಬ್ರೇಕಿನ ಒಂದು ಬದಿಯ ರಬ್ಬರು ರಿಮ್ಮಿಗೆ ಉಜ್ಜತೊಡಗುತ್ತದೆ. ಮೊದಲು ಬಲಬದಿಯನ್ನು ಬೇಕಾದಷ್ಟು ಬಿಗಿಗೆ ತಂದು, ಎಡಬದಿಯನ್ನು ರಿಮ್ಮು ಮಧ್ಯಕ್ಕೆ ಬರುವಷ್ಟೇ ಬಿಗಿದು, ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಅಂಗೈಯಲ್ಲಿ ಬಲವಾಗಿ ಹಿಂಡಿ, ಮತ್ತೆ ಬೆಂಡು ನೋಡಿದೆ. ಹಿಂಡಿದಾಗ ಪಿಟಿ ಪಿಟಿ ಎಂದು ಕಡ್ಡಿಗಳು ತಮ್ಮ ಜಾಗದಲ್ಲಿ ಕೂರುವ ಸದ್ದು ಕೇಳಿಸುತ್ತದೆ. ಆ ಸದ್ದು ನಿಲ್ಲುವವರೆಗೆ ಚಕ್ರವನ್ನು ಸೈಕಲ್ಲಿಗೆ ಹಾಕದಿರುವುದು ಒಳ್ಳೆಯದು.

ಹಳೆಯ ಕ್ರ್ಯಾಂಕಿನಲ್ಲಿ 52ರ ಉಕ್ಕಿನ ಚೈನ್‌ರಿಂಗನ್ನು ಕ್ರ್ಯಾಂಕಿಗೇ ರಿವೆಟ್ ಹೊಡೆದು ಕೂರಿಸಿದ್ದರಿಂದ ಅದನ್ನು ಮಾತ್ರ ಬದಲಿಸುವಂತಿರಲಿಲ್ಲ. ಐದು ಬೋಲ್ಟುಗಳ, 130 ಮಿಲಿಮೀಟರ್ ಬೋಲ್ಟ್ ವೃತ್ತದ ಅಲ್ಯೂಮಿನಿಯಂ ಕ್ರ್ಯಾಂಕನ್ನು ಆರಿಸಿದೆ. ಈ ಅಳತೆಗೆ 38 ಹಲ್ಲಿನವರೆಗೂ ಚೈನ್‌ರಿಂಗ್ ಹಾಕಬಹುದು, 42 ಹಲ್ಲಿನದು ಬಹಳ ಕಾಲದಿಂದ ಬಳಕೆಯಲ್ಲಿದೆ. ಎರಡು ರಿಂಗುಗಳಿಗೆಂದು ಮಾಡಿದ ಕ್ರ್ಯಾಂಕಾದ್ದರಿಂದ 42ನ್ನು ಒಳಗಿನ ಜಾಗಕ್ಕೆ ಹಾಕಿ, ಹೊರಗಿನ ಜಾಗಕ್ಕೆ ಹಲ್ಲಿಲ್ಲದ ಕಾವಲು ಬಳೆಯೊಂದನ್ನು ಕೂರಿಸಿದೆ. ಇದರಿಂದ ಚೈನು ಹೊರಗೆ ಜಾರುವುದು ತಪ್ಪಿತು, ಮಡಚಿ ಎತ್ತಿಕೊಂಡಾಗ ಪ್ಯಾಂಟಿಗೆ ಕರಿ ಹತ್ತುವುದೂ ತಪ್ಪಿತು. ಹಳೆಯ ಬಾಟಂ ಬ್ರ್ಯಾಕೆಟ್ಟಿನ (ಕ್ರ್ಯಾಂಕು ತಿರುಗುವ ಬೇರಿಂಗಿನ) ಸ್ಪಿಂಡಲ್, ಅಂದರೆ ಅಚ್ಚು, 122 ಮಿಲಿಮೀಟರ್ ಉದ್ದವಿತ್ತು. ಅದಕ್ಕೆ ಹೊಸ ಕ್ರ್ಯಾಂಕ್ ಹಾಕಿದಾಗ ಚೈನ್‌ರಿಂಗ್ ಕ್ಯಾಸೆಟ್ಟಿನ ಮಧ್ಯಕ್ಕಿಂತ ಹೊರಗೆ ಬಿತ್ತು. 113 ಮಿಲಿಮೀಟರಿನದನ್ನು ಹಾಕಿದರೆ ಎರಡೂ ಬದಿಯಲ್ಲಿ 4.5 ಮಿಲಿಮೀಟರ್ ಒಳಗೆ ಸರಿದು ನೇರಕ್ಕೆ ಬರುತ್ತದೆ. ಹಾಗೆ ಸರಿಸುವ ಮೊದಲು ಚೈನ್‌ರಿಂಗಿಗೂ ಹಿಂಬದಿ ಫ್ರೇಮಿನ ಕೊಳವೆಗೂ ನಡುವೆ ಸಾಕಷ್ಟು ಸಂದು ಉಳಿಯುತ್ತದೆಯೇ ಎಂದು ಅಳೆದುಕೊಳ್ಳಬೇಕು. ಬಾಟಂ ಬ್ರ್ಯಾಕೆಟ್ಟಿನ ಬಲಗಡೆಯ ಥ್ರೆಡ್ ತಿರುಗುಮುರುಗು, ಅದನ್ನು ಬಿಚ್ಚಲು ಬಲಕ್ಕೆ ತಿರುಗಿಸಬೇಕೆಂಬುದನ್ನು ಇಲ್ಲಿ ಹೇಳಿಬಿಡುವುದು ಕ್ಷೇಮ. 52ರ ಚೈನ್‌ರಿಂಗಿಗಿಂತ 42ರದು ತ್ರಿಜ್ಯದಲ್ಲಿ 20 ಮಿಲಿಮೀಟರ್ ಚಿಕ್ಕದು, ಅಷ್ಟರಮಟ್ಟಿಗೆ ಅದು ನೆಲದಿಂದ ಮೇಲೆದ್ದಿತು.

ಹ್ಯಾಂಡಲ್ಲಿನಿಂದ ಗೇರು ಬದಲಿಸುವ ಶಿಫ್ಟರ್ ಏಳು ಗೇರಿನದಾದರೆ ಎಂಟಕ್ಕೆ ನಡೆಯುವುದಿಲ್ಲ. ಶಿಮಾನೊದಲ್ಲಿ ಏಳು ಗೇರಿನ ಹಲ್ಲುಚಕ್ರಗಳ ನಡುವಿನ ಅಂತರ 5 ಮಿಲಿಮೀಟರ್, ಎಂಟು ಗೇರಿನಲ್ಲಿ 4.8. ಹಳೆಯ ಡಿರೇಲರಿನ ಕೀಲುಗಳು ಸಡಿಲವಾಗಿದ್ದುದರಿಂದ ಅದನ್ನೂ ಬದಲಿಸಿದೆ. ಶಿಮಾನೊ ಆರರಿಂದ ಒಂಬತ್ತು ಗೇರಿನವರೆಗೆ ರಸ್ತೆ ಸೈಕಲ್ಲಿನ ಹಾಗೂ ಗುಡ್ಡದ ಸೈಕಲ್ಲಿನ ಹಿಂಬದಿ ಡಿರೇಲರುಗಳಿಗೆ ಕೇಬಲ್ ಎಳೆತದ ಒಂದೇ ಪ್ರಮಾಣವನ್ನು ಉಳಿಸಿಕೊಂಡಿರುವುದರಿಂದ ಆಯ್ಕೆಗೆ ತೊಂದರೆಯಿಲ್ಲ. ಕೇಬಲ್ಲನ್ನು ಬೇರೆ ಪ್ರಮಾಣದಲ್ಲಿ (ಒಂದಕ್ಕೊಂದು) ಎಳೆಯುವ ಸ್ರ್ಯಾಮ್ ಕಂಪನಿಯ ಶಿಫ್ಟರ್ ಮಾತ್ರ ಇದಕ್ಕೆ ಹೊಂದದು. ಬೆರಳಿನಿಂದ ಒತ್ತುವ ಶಿಫ್ಟರ್ ತುಳಿಯುವಾಗ ಹಿತವಾದರೂ ಹ್ಯಾಂಡಲ್ ಕಂಬ ಮಡಚಿ ಕೆಳಗಿಳಿದಾಗ ಅದರ ಲಿವರ್ ಮುಂಚಕ್ರದ ಕಡ್ಡಿಗಳಿಗೆ ತಾಗುತ್ತಿತ್ತು, ಆದ್ದರಿಂದ ಹಿಡಿಯಲ್ಲೇ ತಿರುಗಿಸುವ ಶಿಫ್ಟರನ್ನು ಆರಿಸಿದೆ. ಚೈನಿನ ಉದ್ದಕ್ಕೆ ಹಳೆಯ ಸೂತ್ರ ಸಾಕು: ಕ್ರ್ಯಾಂಕಿನ ಮಧ್ಯದಿಂದ ಹಿಂಬದಿ ಆಕ್ಸಲ್ಲಿಗಿರುವ ದೂರವನ್ನು ಇಂಚಿನಲ್ಲಿ ಇಮ್ಮಡಿ ಮಾಡಿ, ಅದಕ್ಕೆ ಚೈನ್‌ರಿಂಗಿನ ಹಲ್ಲಿನ ನಾಲ್ಕನೆಯ ಒಂದು ಪಾಲು, ದೊಡ್ಡ ಹಲ್ಲುಚಕ್ರದ ನಾಲ್ಕನೆಯ ಒಂದು ಪಾಲು, ಮೇಲೊಂದು ಇಂಚು ಕೂಡಿಸುವುದು. ನನ್ನ ಸೈಕಲ್ಲಿನಲ್ಲಿ ಆ ದೂರ 40 ಸೆಂಟಿಮೀಟರ್. ಒಟ್ಟು 50 ಇಂಚು, ಅಂದರೆ 100 ಕೊಂಡಿ. ಡಿರೇಲರ್ ಬಿಟ್ಟು ದೊಡ್ಡದರ ಮೇಲಿಂದ ದೊಡ್ಡದಕ್ಕೆ ಚೈನು ಸುತ್ತಿ, ಎರಡು ಕೊಂಡಿ ಸೇರಿಸಿ ನೋಡಿದಾಗಲೂ ಅದೇ ಉದ್ದ ಬಂತು.

ಕೇಬಲ್ಲಿನ ಕೆಲಸವನ್ನು ಹೆಚ್ಚಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮಡಚುವ ಸೈಕಲ್ಲಿನಲ್ಲಿ ಗೇರು ಕೆಡುವುದು ಬಹುಪಾಲು ಇಲ್ಲಿಯೇ. ಗೇರಿನ ಕೇಬಲ್ಲು ಶಿಫ್ಟರಿನಿಂದ ಹೊರಟು ಹ್ಯಾಂಡಲ್ ಕಂಬದ ಕೀಲನ್ನೂ ಫ್ರೇಮಿನ ಕೀಲನ್ನೂ ದಾಟಿ ಹಿಂದಕ್ಕೆ ಹೋಗಬೇಕು. ಸೈಕಲ್ಲು ಬಿಚ್ಚಿಕೊಂಡು ನಿಂತಿರುವಾಗ ನೋಡಲು ಅಚ್ಚುಕಟ್ಟಾಗುವಷ್ಟೇ ಉದ್ದಕ್ಕೆ ಹೊರಕವಚವನ್ನು ಕತ್ತರಿಸಿದರೆ, ಮಡಚಿದ ಕೂಡಲೇ ಅದು ಬಿಗಿದು ತುದಿಯ ಟೋಪಿಯಿಂದ ಹೊರಬರುತ್ತದೆ, ಬಿಚ್ಚಿದಾಗ ಸ್ವಸ್ಥಾನಕ್ಕೆ ಹಿಂತಿರುಗುವುದಿಲ್ಲ, ಗೇರು ಅರ್ಧ ಹಲ್ಲು ತಪ್ಪುತ್ತದೆ. ಆದ್ದರಿಂದ ಸೈಕಲ್ಲನ್ನು ಪೂರ್ತಿ ಮಡಚಿ, ಹ್ಯಾಂಡಲನ್ನು ಕೆಳಗಿಳಿಸಿ, ಕವಚವನ್ನು ಎಲ್ಲ ತಿರುವುಗಳಲ್ಲೂ ದುಂಡಗೆ ಹರಿಯಬಿಟ್ಟು ಗುರುತು ಹಾಕಿದೆ. ಆಮೇಲೆ ಬಿಚ್ಚಿ, ಹ್ಯಾಂಡಲನ್ನು ಎರಡೂ ಕಡೆ ತುದಿಯವರೆಗೆ ತಿರುಗಿಸಿ ಇನ್ನೊಮ್ಮೆ ನೋಡಿಕೊಂಡೇ ಕತ್ತರಿಸಿದ್ದು. ಕತ್ತರಿಸಿದ ಬಾಯನ್ನು ಅರದಿಂದ ಸಮ ಮಾಡಿ, ಒಳಗಿನ ಪ್ಲಾಸ್ಟಿಕ್ ಕೊಳವೆಯನ್ನು ದಬ್ಬಳದ ತುದಿಯಿಂದ ಬಿಡಿಸಬೇಕು, ಇಲ್ಲವಾದರೆ ಕೇಬಲ್ಲು ಅಲ್ಲಿ ಉಜ್ಜುತ್ತದೆ. ಹೊಸ ಕವಚದ ಸುರುಳಿಯಲ್ಲಿ ಮಿಕ್ಕ ತುಂಡನ್ನು ಬ್ರೇಕಿಗೆ ಹಾಕುವ ಆಸೆ ಕೆಲವರಿಗೆ ಬರುತ್ತದೆ. ಗೇರಿನ ಕವಚದಲ್ಲಿ ತಂತಿಗಳು ಉದ್ದುದ್ದಕ್ಕೆ ಇರುತ್ತವೆ, ಬ್ರೇಕಿನ ಒತ್ತಡಕ್ಕೆ ಅದು ಸೀಳಿಹೋಗಬಹುದು. ಬ್ರೇಕಿಗೆ ಸುರುಳಿ ತಂತಿಯ ಕವಚವೇ ಬೇಕು.

ಡಿರೇಲರ್ ನೇತಾಡುವ ಕಿವಿ ನೆಟ್ಟಗಿದೆಯೇ ಎಂದು ನೋಡದೆ ಗೇರು ಹೊಂದಿಸಲು ಕೂರುವುದು ವ್ಯರ್ಥ. ಮಡಚಿದ ಸೈಕಲ್ಲು ಎಷ್ಟೋ ಸಲ ಆ ಬದಿಗೇ ಬೀಳುತ್ತದೆ. ನನ್ನದು ಒಳಕ್ಕೆ ಬಾಗಿತ್ತು. ಕಿವಿಗೆ ತಿರುಗಿಸಿ ಹಾಕುವ ಉದ್ದ ತೋಳಿನ ಅಳತೆಗೋಲಿನಿಂದ ರಿಮ್ಮಿನ ನಾಲ್ಕು ಕಡೆ ಅಂತರ ನೋಡಿ ನೆಟ್ಟಗೆ ಮಾಡಿದೆ. ಕೊಳ್ಳುವಾಗ ಅದರ ಸೂಚಿ 20 ಇಂಚಿನ ರಿಮ್ಮಿನವರೆಗೆ ಒಳಗೆ ಸರಿಯುತ್ತದೆಯೇ ಎಂದು ನೋಡಬೇಕು. ಉಳಿದ ಹೊಂದಾಣಿಕೆ ಎಲ್ಲ ಸೈಕಲ್ಲಿನಂತೆಯೇ: ಎರಡು ಮಿತಿ ಸ್ಕ್ರೂಗಳು, ಆಮೇಲೆ ಕೇಬಲ್ಲಿನ ಬಿಗಿ, ಕೊನೆಗೆ ಡಿರೇಲರಿನ ಮೇಲಿನ ಗಾಲಿಗೂ 28 ಹಲ್ಲಿಗೂ ಇರುವ ಸಂದು.

ಇನ್ನು ತೂಕ. ಹೊಸ ಹಬ್ಬು, ಕ್ಯಾಸೆಟ್ಟುಗಳಿಂದ 190 ಗ್ರಾಂ, ಕ್ರ್ಯಾಂಕು, ಬಾಟಂ ಬ್ರ್ಯಾಕೆಟ್ಟುಗಳಿಂದ 310 ಗ್ರಾಂ ಆಗಲೇ ಇಳಿದಿತ್ತು. ಅದಕ್ಕಿಂತ ದೊಡ್ಡ ಇಳಿಕೆ ಟೈರಿನಲ್ಲಿ ಸಿಕ್ಕಿತು: ತಂತಿ ಅಂಚಿನ 47 ಮಿಲಿಮೀಟರ್ ಟೈರು ಒಂದೊಂದೂ 560 ಗ್ರಾಂ, ಮಡಚಬಹುದಾದ ಅಂಚಿನ 40 ಮಿಲಿಮೀಟರ್ ಟೈರು 340 ಗ್ರಾಂ. ಎರಡಕ್ಕೂ ಸೇರಿ 440 ಗ್ರಾಂ. ಟೈರು ಹಗುರವಾಗುವುದರ ಜೊತೆಗೆ ಅದರ ಗೋಡೆ ತೆಳುವೂ ಆಗುವುದರಿಂದ ಉರುಳುವಿಕೆ ಸಲೀಸಾಗುತ್ತದೆ, ಸುತ್ತಳತೆ ಕಡಿಮೆಯಾಗಿ ಎಲ್ಲ ಗೇರುಗಳೂ ನೂರಕ್ಕೆ ಎರಡೂವರೆಯಷ್ಟು ಹಗುರಾಗುತ್ತವೆ. 28 ಮಿಲಿಮೀಟರಿನ ಟೈರಿನಿಂದ ಇನ್ನಷ್ಟು ಇಳಿಸಬಹುದಿತ್ತು. ಆದರೆ ಚಿಕ್ಕ ಚಕ್ರ ಗುಂಡಿಯೊಳಗೆ ಆಳಕ್ಕೆ ಇಳಿಯುತ್ತದೆ, ಆಗ ರಿಮ್ಮನ್ನು ಕಾಯುವುದು ಟೈರಿನಲ್ಲಿರುವ ಗಾಳಿಯ ದಪ್ಪವೇ. ಟ್ಯೂಬುಗಳಲ್ಲಿ 100 ಗ್ರಾಂ ಇಳಿಯಿತು. ಮೂವತ್ತು ನಲವತ್ತು ಗ್ರಾಮಿನ ಪ್ಲಾಸ್ಟಿಕ್ ಬಗೆಯ ಟ್ಯೂಬನ್ನು ಬಿಟ್ಟೆ, ಏಕೆಂದರೆ ರಿಮ್ಮನ್ನೇ ಹಿಡಿಯುವ ಬ್ರೇಕಿನೊಡನೆ ಉದ್ದ ಇಳಿಜಾರಿನಲ್ಲಿ ಚಿಕ್ಕ ರಿಮ್ಮು ಬಹಳ ಬಿಸಿಯಾಗುತ್ತದೆ, ಆ ಟ್ಯೂಬಿಗೆ ಬಿಸಿ ಆಗಿಬರುವುದಿಲ್ಲ. ಸೀಟಿನಲ್ಲಿ 200 ಗ್ರಾಂ, ತೆಗೆದುಹಾಕಿದ ಸ್ಟ್ಯಾಂಡಿನಲ್ಲಿ 300 ಗ್ರಾಂ. ತಿರುಗುವ ಭಾಗದ ಒಂದು ಗ್ರಾಂ ಎರಡು ಗ್ರಾಮಿಗೆ ಸಮ ಎಂಬ ಮಾತು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ರಿಮ್ಮು, ಟೈರುಗಳ ಮಟ್ಟಿಗೆ ಅದು ನಿಜ, ಚಕ್ರದ ಗಾತ್ರ ಎಷ್ಟಿದ್ದರೂ ನಿಜ. ಆದರೆ ವೇಗ ಹೆಚ್ಚಿಸುವ ಹೊತ್ತಿಗೆ ಮಾತ್ರ. ಒಂದೇ ವೇಗದಲ್ಲಿ ಏರು ಹತ್ತುವಾಗ ಗ್ರಾಂ ಗ್ರಾಮೇ.

ಹಗುರ ಮಾಡದೆ ಬಿಟ್ಟ ಭಾಗಗಳ ಬಗ್ಗೆಯೂ ಹೇಳಬೇಕು. ಎರಡು ಕೀಲುಗಳ ಪಿನ್ನು, ಬೋಲ್ಟು, ಚಿಲಕ ಇವುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಬೋಲ್ಟಿಗೆ ಟೈಟೇನಿಯಂ ಹಾಕಿ ಇಪ್ಪತ್ತು ಗ್ರಾಂ ಉಳಿಸುವವರಿದ್ದಾರೆ. ಮುರಿದರೆ ಮುಖ ನೆಲಕ್ಕೆ ಬೀಳುವ ಜಾಗದಲ್ಲಿ ಆ ಉಳಿತಾಯಕ್ಕೆ ಅರ್ಥವಿಲ್ಲ. ಸೀಟಿನ ಕಂಬ 33.9 ಮಿಲಿಮೀಟರ್ ದಪ್ಪ, 58 ಸೆಂಟಿಮೀಟರ್ ಉದ್ದ, ತೂಕ ಆರುನೂರು ಗ್ರಾಮಿನ ಆಸುಪಾಸು. ಕಾರ್ಬನ್ ಕಂಬದಿಂದ ಇದರಲ್ಲಿ ಗಣನೀಯವಾಗಿ ಇಳಿಸಬಹುದು. ಆದರೆ ಮಡಚುವಾಗಲೆಲ್ಲ ಈ ಕಂಬ ಕೊಳವೆಯೊಳಗೆ ಪೂರ್ತಿ ಇಳಿದು ಮತ್ತೆ ಮೇಲೇಳುತ್ತದೆ, ಪ್ರತಿ ಸಲವೂ ಮರಳಿನ ಕಣ ಸಿಕ್ಕಿ ಗೀರು ಬೀಳುತ್ತದೆ. ಆ ಗೀರಿನ ಮೇಲೆಯೇ ಚಿಲಕ ಬಿಗಿಯಬೇಕು, ಆ ಬಿಗಿದ ಜಾಗದಲ್ಲೇ ಉದ್ದ ಕಂಬದ ಬಾಗುಬಲವೆಲ್ಲ ಬೀಳುತ್ತದೆ. ಅಲ್ಯೂಮಿನಿಯಂ ಗೀರನ್ನು ತಾಳಿಕೊಳ್ಳುವಷ್ಟು ಕಾರ್ಬನ್ ತಾಳಿಕೊಳ್ಳುವುದಿಲ್ಲ. ಹಾಗಾಗಿ ಹಳೆಯದೇ ಇರಲಿ ಎಂದು ತೀರ್ಮಾನಿಸಿದೆ. ಮಡಚುವ ಪೆಡಲ್ಲುಗಳನ್ನೂ ಮಡ್‌ಗಾರ್ಡುಗಳನ್ನೂ ಹಾಗೇ ಬಿಟ್ಟೆ.

ಎಲ್ಲ ಜೋಡಿಸಿದ ಮೇಲೆ ತಕ್ಕಡಿ ತೋರಿಸಿದ್ದು 11.4 ಕಿಲೊ. ಒಂದೂವರೆ ಕಿಲೊದ ಈ ಇಳಿಕೆ ಏರಿನಲ್ಲಿ ನನಗೆ ಗೊತ್ತಾಗಲಿಲ್ಲ, ಗೊತ್ತಾಗುತ್ತದೆಂಬ ನಿರೀಕ್ಷೆಯೂ ಇರಲಿಲ್ಲ. ಮಡಚಿ ಎತ್ತಿದಾಗ ಮಾತ್ರ ಮಣಿಕಟ್ಟಿಗೆ ತಕ್ಷಣ ಗೊತ್ತಾಯಿತು. ಇಳಿದದ್ದರಲ್ಲಿ ಹೆಚ್ಚಿನ ಪಾಲು ಕ್ರ್ಯಾಂಕು ಮತ್ತು ಹಿಂಚಕ್ರದ ಕಡೆಯದಾದ್ದರಿಂದ, ಎತ್ತಿ ಹಿಡಿದಾಗ ಹಿಂಬದಿ ಕೆಳಗೆ ಜಗ್ಗುವುದೂ ಕಡಿಮೆಯಾಗಿದೆ. ಏರಿನಲ್ಲಿ ಆದ ಬದಲಾವಣೆ ಪೂರ್ತಿ ಗೇರಿನದು. ಮೊದಲು ನಿಂತು ತುಳಿಯಬೇಕಾಗಿದ್ದ ಕಡೆ ಈಗ ಕೂತೇ ಹತ್ತಬಹುದು. ಉದ್ದ ಹ್ಯಾಂಡಲ್ ಕಂಬದ ಈ ಬಗೆಯ ಸೈಕಲ್ಲಿನಲ್ಲಿ ನಿಂತು ತುಳಿದು ಕಂಬವನ್ನು ಎಳೆದಾಡುವುದು ಕೀಲಿಗೂ ಒಳ್ಳೆಯದಲ್ಲ. ಸಮತಟ್ಟಿನಲ್ಲಿ ಬಹುಪಾಲು 15 ಮತ್ತು 17ರ ಮೇಲೆ ಓಡುತ್ತೇನೆ. 11ರ ಹಲ್ಲು ಗಾಳಿ ಹಿಂದಿನಿಂದ ಬೀಸಿದಾಗಷ್ಟೇ ಬಳಕೆಗೆ ಬರುತ್ತದೆ, ಅದು ಅಷ್ಟೇ ಇರುವುದು ಒಳ್ಳೆಯದೂ ಹೌದು, ಚಿಕ್ಕ ಹಲ್ಲುಚಕ್ರ ಬೇಗ ಸವೆಯುತ್ತದೆ.

ಹೊಸ ಕೇಬಲ್ಲು ಒಗ್ಗಿಕೊಳ್ಳುವಾಗ ಸ್ವಲ್ಪ ಸಡಿಲವಾಗುವುದು ಸಹಜ. ಡಿರೇಲರಿನ ಹೊಂದಿಸುವ ತಿರುಪನ್ನು ಅರ್ಧ ಸುತ್ತು ಹೊರಗೆ ತಿರುಗಿಸಿದ ಮೇಲೆ ಅದು ಸರಿಹೋಗಿದೆ. ಇದಕ್ಕಿಂತಲೂ ಹಗುರ ಗೇರು ಬೇಕೆನಿಸಿದರೆ ದಾರಿ ಎರಡು. 11ರಿಂದ 32ರ ಕ್ಯಾಸೆಟ್ ಹಾಕಿದರೆ ಕೆಳಗಿನ ಗೇರು 1.98 ಮೀಟರಿಗೆ ಬರುತ್ತದೆ, ಆದರೆ ಅದಕ್ಕೆ 32 ಹಲ್ಲನ್ನು ದಾಟಬಲ್ಲ ಬೇರೆ ಡಿರೇಲರ್, ಎರಡು ಕೊಂಡಿ ಹೆಚ್ಚಿನ ಚೈನು ಬೇಕು, 15ರಿಂದ 18ಕ್ಕೆ ಜಿಗಿಯುವ ಅಂತರವೂ ಮರಳಿ ಬರುತ್ತದೆ. ಚೈನ್‌ರಿಂಗನ್ನು 39ಕ್ಕೆ ಇಳಿಸಿದರೆ ಕೆಳಗಿನ ಗೇರು 2.10 ಮೀಟರ್, ಮೇಲಿನದು 5.35 ಮೀಟರ್, ಅಂದರೆ 80 ಸುತ್ತಿಗೆ ಗಂಟೆಗೆ 25.7 ಕಿಲೊಮೀಟರ್. ಬದಲಾಗುವುದು ಒಂದು ರಿಂಗು ಮಾತ್ರ, ಐದು ಬೋಲ್ಟು ಬಿಚ್ಚಿ ಹಾಕುವ ಕೆಲಸ. ನನ್ನ ಆಯ್ಕೆ ಎರಡನೆಯದು.